ಭುಜದ ರೊಟೇಟರ್ ಕಫ್ ನೋವು ಮತ್ತೆ ಫಿಸಿಯೋಥೆರಪಿ: ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಉಡುಪಿ ಕಡೆ ಫಿಸಿಯೋ ಕೆಲಸ ಮಾಡುವವರ ಹತ್ರ ಸೊಂಟ, ಕಾಲುಗಂಟು ಬಿಟ್ರೆ ಮತ್ತೆ ಜಾಸ್ತಿ ಬರುದು ಭುಜದ ಕಂಪ್ಲೇಂಟೇ. ಬರುವವರು ಬೇರೆ ಬೇರೆ ಆದ್ರೂ ಕೇಳುದು ಅದೇ ಪ್ರಶ್ನೆಗಳು, ಅದಕ್ಕೇ ಎಲ್ಲ ಒಂದು ಕಡೆ ಬರೆದು ಇಟ್ಟಿದ್ದೇನೆ. ಇದನ್ನು ಓದಿ ನಿಮ್ಮ ರೋಗ ಇಂಥದ್ದೇ ಅಂತ ನೀವೇ ತೀರ್ಮಾನ ಮಾಡ್ಬೇಡಿ, ಒಮ್ಮೆ ಆರ್ಥೋ ಡಾಕ್ಟ್ರೋ ಫಿಸಿಯೋವೋ ಕೈ ಮುಟ್ಟಿ ನೋಡ್ಲಿ, ಆಮೇಲೆ ಇದೆಲ್ಲ ಉಪಯೋಗಕ್ಕೆ ಬರ್ತದೆ.

ರೊಟೇಟರ್ ಕಫ್ ಅಂದ್ರೆ ಎಂತ? ಎಲುಬಾ, ನರವಾ?

ಎರಡೂ ಅಲ್ಲ. ನಾಲ್ಕು ಮಾಂಸಖಂಡ, ಮತ್ತೆ ಅವುಗಳ ತುದಿಯಲ್ಲಿ ಎಲುಬಿಗೆ ಅಂಟಿಕೊಂಡಿರುವ ಹಗ್ಗದಂಥ ಗಟ್ಟಿ ಭಾಗ, ಅದಕ್ಕೆ ಟೆಂಡನ್ ಅಂತಾರೆ. ಹೆಸರು ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರಿಸ್ ಮೈನರ್, ಸಬ್‌ಸ್ಕಾಪುಲಾರಿಸ್. ಬಾಯಿಪಾಠ ಮಾಡ್ಬೇಕಂತ ಇಲ್ಲ, ರಿಪೋರ್ಟಲ್ಲಿ ಕಂಡ್ರೆ ಹೆದರ್ಬಾರ್ದು ಅಂತ ಹೇಳಿದ್ದು. ರಟ್ಟೆ ಎಲುಬಿನ ತಲೆ ದೊಡ್ಡದು, ಅದು ಕೂತ್ಕೊಳ್ಳುವ ಗುಳಿ ಸಣ್ಣದು, ಆಳವೂ ಇಲ್ಲ. ಅದಕ್ಕೇ ಕೈ ಎಲ್ಲಾ ದಿಕ್ಕಿಗೂ ತಿರುಗುದು, ಅದಕ್ಕೇ ಭುಜ ಜಾರುದೂ ಸುಲಭ. ನಾವು ಕೈ ಎತ್ತುವಾಗ ಹೊರಗಿನ ದೊಡ್ಡ ಡೆಲ್ಟಾಯ್ಡ್ ಮಾಂಸ ಎಲುಬನ್ನು ಮೇಲೆ ಎಳೀತದೆ, ಈ ನಾಲ್ಕು ಸೇರಿ ಎಲುಬಿನ ತಲೆಯನ್ನು ಗುಳಿಯ ನಡುವಿಗೇ ಒತ್ತಿ ಹಿಡೀತವೆ. ಹಿಡಿತ ಕಮ್ಮಿಯಾದ್ರೆ ಕೈ ಎತ್ತುವಾಗ ನೋವು, ಬಲ ಇಲ್ಲ, ನಿದ್ದೆ ಇಲ್ಲ. ಜಾಸ್ತಿ ಹಾಳಾಗುದು ಮೇಲಿರುವ ಸುಪ್ರಾಸ್ಪೈನೇಟಸ್.

ನಾನು ಬಿದ್ದದ್ದೂ ಇಲ್ಲ, ಪೆಟ್ಟಾದದ್ದೂ ಇಲ್ಲ, ಮತ್ತೆ ಹೇಗೆ ಹರೀತು?

ಹೆಚ್ಚಿನವರದ್ದು ಹೀಗೇ. ಬಾವಿ ಹಗ್ಗ ಒಂದೇ ದಿನ ತುಂಡಾಗುದಿಲ್ಲ, ರಾಟೆಗೆ ತಾಗುವ ಜಾಗದಲ್ಲಿ ನೂಲು ನೂಲಾಗಿ ಸವೆದಿರ್ತದೆ, ಒಂದು ದಿನ ನೀರು ಸೇದುವಾಗ ನಮಗೆ ಗೊತ್ತಾಗುದು ಅಷ್ಟೆ. ಟೆಂಡನ್ನೂ ಹಾಗೆ. 40 ದಾಟಿದ ಮೇಲೆ ಸವೆತ ಶುರು, 60 ದಾಟಿದವರಲ್ಲಿ ನೋವೇ ಇಲ್ಲದವರ ಭುಜ ಸ್ಕ್ಯಾನ್ ಮಾಡಿದ್ರೂ ಟಿಯರ್, ಅಂದ್ರೆ ಟೆಂಡನ್ ಹರಿದದ್ದು, ಕಾಣುದು ಅಪರೂಪ ಅಲ್ಲ. ಇದನ್ನು ಸ್ವಲ್ಪ ನೆನಪಿಟ್ಕೊಳ್ಳಿ, ಕೆಳಗೆ ಆಪರೇಷನ್ ಪ್ರಶ್ನೆಗೆ ಬೇಕಾಗ್ತದೆ.

ಶುಗರ್, ಬೀಡಿ ಸಿಗರೇಟು ಎರಡೂ ಟೆಂಡನ್ನಿಗೆ ಒಳ್ಳೇದಲ್ಲ. ಮತ್ತೆ ಕೈ ಭುಜಕ್ಕಿಂತ ಮೇಲೆ ಇಟ್ಟು ಗಂಟೆಗಟ್ಟಲೆ ಮಾಡುವ ಕೆಲಸ: ದೋಟಿ ಹಿಡಿದು ಅಡಿಕೆ ಕೊಯ್ಯುದು, ಅಡಿಕೆ ಮರಕ್ಕೆ ಮದ್ದು ಬಿಡುದು, ಸೀಲಿಂಗಿಗೆ ಪೈಂಟ್ ಹೊಡೆಯುದು, ವಾಲಿಬಾಲ್ ಸ್ಮ್ಯಾಶ್. ಬೋಟಲ್ಲಿ ಬಲೆ ಎಳೆಯುವವರದ್ದು ಇನ್ನೊಂದು ತರ, ಅವರು ಅಲುಗಾಡುವ ಜಾಗದಲ್ಲಿ ನಿಂತು ಝಾಡಿಸಿ ಎಳೆಯುದು. ಇನ್ನು ನಿಜವಾಗಿ ಒಂದೇ ಏಟಿಗೆ ಹರಿದುಕೊಂಡವರು ಅಂದ್ರೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಕೈ ಊರಿ ಬಿದ್ದವರು, ಸ್ಕೂಟರಿಂದ ಬಿದ್ದವರು, ಬಸ್ಸಲ್ಲಿ ಮೇಲಿನ ರಾಡ್ ಹಿಡಿದು ನಿಂತಿದ್ದಾಗ ಡ್ರೈವರ್ ಬ್ರೇಕ್ ಹಾಕಿ ರಟ್ಟೆ ಎಳೆದುಕೊಂಡವರು.

ಇದು ಫ್ರೋಜನ್ ಶೋಲ್ಡರ್ ಅಲ್ವಾ? ಪಕ್ಕದ ಮನೆಯವರಿಗೆ ಅದೇ ಅಂತ ಹೇಳಿದ್ದಾರೆ

ಬೇರೆ. ಫ್ರೋಜನ್ ಶೋಲ್ಡರ್ ಅಂದ್ರೆ ಭುಜದ ಕೀಲೇ ಬಿಗಿದು ಗಟ್ಟಿ ಆಗುದು. ನಮ್ಮಲ್ಲಿ ಭುಜ ನೋವು ಅಂದ್ರೆ ಸಾಕು, ಫ್ರೋಜನ್ ಶೋಲ್ಡರ್ ಅಂತ ಹೆಸರಿಟ್ಟುಬಿಡ್ತಾರೆ. ಮನೆಯಲ್ಲೇ ಒಂದು ಅಂದಾಜು ಮಾಡ್ಬಹುದು. ಮೊಣಕೈ ಸೊಂಟದ ಬದಿಗೆ ಅಂಟಿಸಿ 90 ಡಿಗ್ರಿ ಮಡಚಿ, ಮನೆಯವರು ಯಾರಾದ್ರೂ ನಿಮ್ಮ ಮುಂಗೈ ಹಿಡಿದು ಮೆಲ್ಲ ಹೊರಗಡೆ ತಿರುಗಿಸ್ಲಿ. ಅವರು ತಿರುಗಿಸಿದ್ರೂ ಸ್ವಲ್ಪ ದೂರದಲ್ಲೇ ಗಟ್ಟಿಯಾಗಿ ನಿಂತುಬಿಟ್ರೆ ಫ್ರೋಜನ್ ಶೋಲ್ಡರ್ ಸಂಶಯ, ಶುಗರ್ ಇದ್ದವರಿಗೆ ಅದು ಜಾಸ್ತಿ. ಅವರು ತಿರುಗಿಸಿದ್ರೆ ಆರಾಮ ಹೋಗ್ತದೆ, ನೀವೇ ಮಾಡ್ಲಿಕ್ಕೆ ಹೋದ್ರೆ ಬಲ ಇಲ್ಲ ಅಂತಾದ್ರೆ ರೊಟೇಟರ್ ಕಫ್ ಕಡೆ ನೋಡ್ಬೇಕು.

ಇನ್ನೊಂದು ಗುರುತು, ಕೈಯನ್ನು ಬದಿಯಿಂದ ಮೇಲೆ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿ ನಡುವೆ ಚುಚ್ಚಿದ ಹಾಗೆ ನೋವು, ಅದು ದಾಟಿದ ಮೇಲೆ ಕಮ್ಮಿ. ನೋವು ಇರುದು ಭುಜದ ತುದಿಯಲ್ಲಿ ಅಲ್ಲ, ರಟ್ಟೆಯ ಹೊರಬದಿಯಲ್ಲಿ, ಜನ ಕೈಯಿಂದ ಅದೇ ಜಾಗ ತಿಕ್ಕಿ ತೋರಿಸ್ತಾರೆ. ನೋವು ಮೊಣಕೈ ದಾಟಿ ಬೆರಳಿನವರೆಗೆ ಜುಮುಜುಮು ಅಂತ ಇಳಿದ್ರೆ ಅದು ಕುತ್ತಿಗೆಯಿಂದ ಬಂದದ್ದಿರ್ಬಹುದು, ಆಗ ಭುಜಕ್ಕೆ ಎಷ್ಟು ವ್ಯಾಯಾಮ ಮಾಡಿದ್ರೂ ಅಷ್ಟೇ.

ಯಾವಾಗ ಕಾಯದೆ ಓಡ್ಬೇಕು?

ಎಡಭುಜದ ನೋವಿನ ಜೊತೆ ಎದೆ ಬಿಗಿತ, ಉಸಿರಾಟದ ತೊಂದರೆ, ಬೆವರು ಇದ್ರೆ ಅದು ಭುಜ ಅಂತ ಮಲಗ್ಬೇಡಿ, 108 ಕರೀರಿ. ಜ್ವರ ಬಂದು ಭುಜ ಕೆಂಪಾಗಿ ಬಿಸಿಯಾದ್ರೆ ಅದೇ ದಿನ ಡಾಕ್ಟ್ರ ಹತ್ರ. ಬಿದ್ದ ಮೇಲೆ ಕೈ ಎತ್ತಲಿಕ್ಕೇ ಆಗುದಿಲ್ಲ, ಇನ್ನೊಬ್ಬರು ಎತ್ತಿ ಬಿಟ್ರೆ ತೊಪ್ಪಂತ ಬೀಳ್ತದೆ ಅಂತಾದ್ರೂ ವಾರಗಟ್ಟಲೆ ಕಾಯುವ ವಿಷಯ ಅಲ್ಲ ಅದು.

ಎಕ್ಸ್‌ರೇ ನಾರ್ಮಲ್ ಬಂದಿದೆ, ಆದ್ರೂ ನೋವುಂಟು

ಎಕ್ಸ್‌ರೇಯಲ್ಲಿ ಎಲುಬು ಕಾಣ್ತದೆ, ಟೆಂಡನ್ ಕಾಣುದಿಲ್ಲ. ಟೆಂಡನ್ ನೋಡ್ಲಿಕ್ಕೆ ಅಲ್ಟ್ರಾಸೌಂಡ್ ಇಲ್ಲದ್ರೆ ಎಂಆರ್‌ಐ. ಆದ್ರೆ ಎಲ್ಲರಿಗೂ ಮೊದಲ ದಿನವೇ ಎಂಆರ್‌ಐ ಬೇಡ. ಪೆಟ್ಟಾಗದೆ ಬಂದ ನೋವಾದ್ರೆ ಕೈಯಿಂದ ಪರೀಕ್ಷೆ ಮಾಡಿ ವ್ಯಾಯಾಮ ಶುರು ಮಾಡುದು, ಆರರಿಂದ ಹನ್ನೆರಡು ವಾರದಲ್ಲಿ ಸುಧಾರಣೆ ಕಾಣದಿದ್ರೆ ಆಗ ಸ್ಕ್ಯಾನ್. ಪೆಟ್ಟಾಗಿ ಬಲ ಹೋದವರ ಕಥೆ ಬೇರೆ, ಅವರಿಗೆ ಬೇಗ ಬೇಕು.

ಎಂಆರ್‌ಐನಲ್ಲಿ ಟಿಯರ್ ಅಂತ ಬರೆದಿದ್ದಾರೆ. ಆಪರೇಷನ್ ಮಾಡ್ಲೇಬೇಕಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಜನ ರಿಪೋರ್ಟ್ ಕವರನ್ನು ಎರಡೂ ಕೈಯಲ್ಲಿ ಹಿಡ್ಕೊಂಡು ಬರ್ತಾರೆ, ಕೋರ್ಟಿಂದ ತೀರ್ಪು ತಂದವರಂತೆ ಮುಖ ಇರ್ತದೆ. ಟಿಯರ್ ಅನ್ನುವ ಪದ ಓದಿದ ದಿನದಿಂದ ನೋವು ಜಾಸ್ತಿ ಆಯ್ತು ಅಂತ ಹೇಳುವವರೂ ಇದ್ದಾರೆ. ನೋವಿಲ್ಲದವರ ಭುಜದಲ್ಲೂ ಟಿಯರ್ ಕಾಣ್ತದೆ ಅಂತ ಮೇಲೆ ಹೇಳಿದ್ದು ಇದಕ್ಕೇ, ರಿಪೋರ್ಟಲ್ಲಿ ಟಿಯರ್ ಉಂಟು ಅಂದ ಮಾತ್ರಕ್ಕೆ ಆಪರೇಷನ್ ಅಂತಲ್ಲ.

ಅಮೆರಿಕದಲ್ಲಿ ಮೂನ್ ಅನ್ನುವ ಭುಜ ತಜ್ಞರ ಗುಂಪು ಪೆಟ್ಟಾಗದೆ ಪೂರ್ತಿ ದಪ್ಪ ಹರಿದ, ಅಂದ್ರೆ ಫುಲ್ ಥಿಕ್‌ನೆಸ್ ಟಿಯರ್ ಇದ್ದವರನ್ನು ಫಿಸಿಯೋಥೆರಪಿಗೆ ಹಾಕಿ ಎರಡು ವರ್ಷ ನೋಡಿದ್ರು, ಅದು ಪ್ರಕಟ ಆದದ್ದು 2013ರಲ್ಲಿ. ಎರಡು ವರ್ಷದಲ್ಲಿ ಆಪರೇಷನ್ನಿಗೆ ಹೋದವರು 25 ಶೇಕಡಕ್ಕಿಂತಲೂ ಕಮ್ಮಿ, ಮತ್ತೆ ಹಾಗೆ ಹೋದವರಲ್ಲಿ ಹೆಚ್ಚಿನವರು ಮೊದಲ ಮೂರು ತಿಂಗಳ ಒಳಗೇ ತೀರ್ಮಾನ ಮಾಡಿದವರು. ಹಾಗಾಗಿ ಪೆಟ್ಟಾಗದೆ ಬಂದ ಟಿಯರ್ ಆದ್ರೆ, ಒಟ್ಟು ಮೂರು ತಿಂಗಳು ಸರಿಯಾಗಿ, ಮಧ್ಯೆ ಬಿಡದೆ ವ್ಯಾಯಾಮ ಮಾಡಿ ನೋಡಿ, ಆಮೇಲೆ ಸರ್ಜನ್ ಹತ್ರ ಮಾತಾಡಿ. ಮೂರು ತಿಂಗಳು ಬ್ಯಾಂಡ್ ಕಿಟಕಿಯಲ್ಲಿ ನೇತಾಡಿಸಿ ಇಟ್ರೆ ಲೆಕ್ಕಕ್ಕೆ ಬರುದಿಲ್ಲ ಮಾರಾಯ್ರೆ.

ಬೇಗ ಆಪರೇಷನ್ ಯೋಚನೆ ಮಾಡ್ಬೇಕಾದವರೂ ಇದ್ದಾರೆ: ವಯಸ್ಸು ಕಮ್ಮಿ, ಬಿದ್ದು ಹರಿದದ್ದು, ಬೀಳುವ ಹಿಂದಿನ ದಿನದವರೆಗೆ ಎಲ್ಲ ಸರಿ ಇತ್ತು, ಬಿದ್ದ ಮೇಲೆ ಕೈ ಎತ್ತಲಿಕ್ಕೇ ಆಗುದಿಲ್ಲ, ದುಡಿಯುವ ಕೈ ಅದು. ಇಂಥವರು ಎಣ್ಣೆ ಹಚ್ಚಿ ತಿಂಗಳುಗಟ್ಟಲೆ ಕೂತ್ರೆ ಹರಿದ ಟೆಂಡನ್ ಹಿಂದಕ್ಕೆ ಎಳೆದು ಹೋಗ್ತದೆ, ಮಾಂಸ ಸಣ್ಣ ಆಗಿ ಅದರಲ್ಲಿ ಕೊಬ್ಬು ತುಂಬ್ತದೆ, ಆಮೇಲೆ ಎಷ್ಟು ಒಳ್ಳೆ ಸರ್ಜನ್ ಆದ್ರೂ ಹೊಲಿಯುದು ಕಷ್ಟ.

ಹೊಲಿಯದೆ ಬರೇ ಮೇಲಿನ ಎಲುಬು ಕೆರೆದು ಜಾಗ ಮಾಡುವ ಇನ್ನೊಂದು ಆಪರೇಷನ್ ಉಂಟು, ಡಿಕಂಪ್ರೆಷನ್ ಅಂತ. 2018ರಲ್ಲಿ ಬ್ರಿಟನ್ನಿನಲ್ಲಿ ಅದನ್ನು ನಿಜವಾಗಿ ಮಾಡಿದವರನ್ನೂ, ಕ್ಯಾಮರಾ ಹಾಕಿ ನೋಡಿ ಎಂತದೂ ಕೆರೆಯದೆ ಬಿಟ್ಟವರನ್ನೂ ಹೋಲಿಸಿದಾಗ ಹೇಳುವಂಥ ವ್ಯತ್ಯಾಸ ಸಿಕ್ಕಿಲ್ಲ. ಬರೇ ಅದಕ್ಕೆ ಅಂತ ಡೇಟ್ ಕೊಟ್ಟಿದ್ರೆ ಇನ್ನೊಬ್ಬರ ಅಭಿಪ್ರಾಯ ಕೇಳುದ್ರಲ್ಲಿ ತಪ್ಪಿಲ್ಲ.

ಹರಿದದ್ದು ವ್ಯಾಯಾಮದಿಂದ ವಾಪಸ್ ಕೂಡ್ತದಾ?

ಪೂರ್ತಿ ಹರಿದದ್ದು ತನ್ನಷ್ಟಕ್ಕೆ ಬಂದು ಕೂಡುದಿಲ್ಲ, ಇದನ್ನು ಮೊದಲೇ ಹೇಳುದು ಒಳ್ಳೇದು. ಆದ್ರೆ ಉಳಿದ ಮೂರು, ಡೆಲ್ಟಾಯ್ಡ್, ಬೆನ್ನಿನ ರೆಕ್ಕೆ ಎಲುಬು ಹಿಡಿಯುವ ಮಾಂಸಗಳು ಬಲ ಆದ್ರೆ ಕೆಲಸ ಹಂಚಿಕೊಂಡು ಮಾಡ್ತವೆ. ನೋವು ಹೋಗ್ಲಿಕ್ಕೆ, ಕೈ ಎತ್ತಲಿಕ್ಕೆ ಅದು ತುಂಬಾ ಜನರಿಗೆ ಸಾಕಾಗ್ತದೆ.

ಶುರುವಿಗೆ ಎಂತ ಮಾಡುದು? ಕೈ ಕಟ್ಟಿ ಇಡ್ಬೇಕಾ?

ಬೇಡ. ಹೊಸ ಪೆಟ್ಟಾದ್ರೆ ಒಂದೆರಡು ದಿನ ಆಧಾರ ಕೊಟ್ರೆ ಆಯ್ತು, ಅದಕ್ಕಿಂತ ಜಾಸ್ತಿ ಕಟ್ಟಿ ಇಟ್ರೆ ಭುಜ ಗಟ್ಟಿ ಆಗಿ ಎರಡನೇ ತೊಂದರೆ ಶುರು. ನೋವು ಕೆರಳಿದ ದಿನ ಬಟ್ಟೆ ಸುತ್ತಿದ ಐಸು ಹತ್ತು ಹದಿನೈದು ನಿಮಿಷ. ಹಳೇ ನೋವಿಗೆ ಬಿಸಿನೀರಿನ ಚೀಲ ಹಿತ ಅಂತ ಅನಿಸಿದ್ರೆ ಇಡಿ, ಎರಡೂ ಬರೇ ಸಮಾಧಾನಕ್ಕೆ.

ಕೆಲಸ ಪೂರ್ತಿ ಬಿಡುದಲ್ಲ, ಬದಲಾಯಿಸುದು. ದಿನಾ ಬೇಕಾಗುವ ಡಬ್ಬಿಗಳನ್ನು ಮೇಲಿನ ಶೆಲ್ಫಿಂದ ಎದೆ ಮಟ್ಟಕ್ಕೆ ಇಳಿಸಿ. ಬಾವಿ ನೀರು ಸೇದುದು, ಪಂಪಿಲ್ಲದ ಮನೆಯವರು, ಸ್ವಲ್ಪ ದಿನ ಬೇರೆಯವರಿಗೆ ಬಿಟ್ಟುಕೊಡಿ. ಕಾಯಿ ಹೆರೆಯುವಾಗ ಮೊಣಕೈ ಮೈಗೆ ಹತ್ರ ಇರ್ಲಿ, ಎತ್ತರದ ಮೇಜಿಗೆ ಸಿಗಿಸಿ ಹೆರೆಯುವ ಮೆಷಿನ್ನಿಗಿಂತ ನೆಲದ ಹೆರೆಮಣೆಯೇ ಕೆಲವರಿಗೆ ಹಗುರ ಆಗ್ತದೆ, ನಿಮಗೆ ಯಾವುದು ಅಂತ ಮಾಡಿ ನೋಡಿ.

ರಾತ್ರಿ ನಿದ್ದೆಯೇ ಇಲ್ಲ, ಹೇಗೆ ಮಲಗುದು?

ನೋವಿನ ಭುಜದ ಮೇಲೆ ಮಲಗ್ಬೇಡಿ. ಅಂಗಾತ ಮಲಗಿ, ಮೊಣಕೈ ಮತ್ತೆ ರಟ್ಟೆಯ ಅಡಿಗೆ ಒಂದು ತೆಳು ತಲೆದಿಂಬು ಇಡಿ, ಮೊಣಕೈ ಹಾಸಿಗೆಗೆ ಕುಸಿದು ಹಿಂದೆ ಹೋಗ್ಬಾರ್ದು, ಇದೇ ಮುಖ್ಯ. ಬದಿಗೆ ಮಲಗಿಯೇ ಅಭ್ಯಾಸ ಅಂತಾದ್ರೆ ಒಳ್ಳೆ ಬದಿಗೆ ಮಲಗಿ ಎದೆಗೆ ದಿಂಬು ತಬ್ಬಿಕೊಳ್ಳಿ. ಕೈ ತಲೆ ಅಡಿಗೆ ಇಟ್ಟು ಮಲಗುದು ಸದ್ಯಕ್ಕೆ ಬಂದ್.

ವ್ಯಾಯಾಮ ಯಾವುದು? ಒಂದೊಂದೇ ಹೇಳಿ

ಮೊದಲು ಕೈ ಆಡಿಸ್ಲಿಕ್ಕೆ. ಪೆಂಡುಲಮ್ ಅಂತ ಒಂದು ಉಂಟು, ಬಾಸ್ಟನ್ನಿನ ಹಳೇ ಸರ್ಜನ್ ಕಾಡ್‌ಮನ್ ಹೆಸರಲ್ಲಿ ಇವತ್ತಿಗೂ ಕರೀತಾರೆ. ಒಳ್ಳೆ ಕೈಯನ್ನು ಮೇಜಿಗೆ ಊರಿ, ಸೊಂಟದಿಂದ ಬಗ್ಗಿ, ನೋವಿನ ಕೈಯನ್ನು ಸುಮ್ಮನೆ ಕೆಳಗೆ ಬಿಡಿ. ಕೈಯನ್ನು ನೀವು ತಿರುಗಿಸುದಲ್ಲ, ಮೈ ಹಿಂದೆ ಮುಂದೆ ಅಲುಗಾಡಿಸಿ, ಕೈ ತಾನಾಗಿ ಅಲ್ಲಾಡ್ಬೇಕು. ಹತ್ತರಲ್ಲಿ ಎಂಟು ಜನ ಭುಜ ಬಿಗಿ ಹಿಡಿದು ರುಬ್ಬಿದ ಹಾಗೆ ತಿರುಗಿಸ್ತಾರೆ, ಅದು ಪೆಂಡುಲಮ್ ಅಲ್ಲ. ಆಮೇಲೆ ಮೇಜಿನ ಮೇಲೆ ಒಂದು ಬೈರಾಸು (ಟವೆಲ್) ಇಟ್ಟು ಕೈಯನ್ನು ಮುಂದಕ್ಕೆ ಜಾರಿಸುದು, ಮತ್ತೆ ಗೋಡೆಯ ಮೇಲೆ ಬೆರಳಲ್ಲಿ ಹತ್ತುದು. ಗೋಡೆಗೆ ಪೆನ್ಸಿಲಲ್ಲಿ ಗೀಟು ಹಾಕಿ ಇಡಿ, ಗೀಟು ಮೇಲೆ ಹೋಗುವಾಗ ನಿಮಗೇ ಖುಷಿ. ಆದ್ರೆ ಭುಜವನ್ನು ಕಿವಿ ಕಡೆ ಎತ್ತಿ ಮೋಸ ಮಾಡ್ಬೇಡಿ, ಒಂದು ಕನ್ನಡಿ ಎದುರು ಮಾಡಿದ್ರೆ ಗೊತ್ತಾಗ್ತದೆ.

ಬಲಕ್ಕೆ ಮೊದಲು ಐಸೋಮೆಟ್ರಿಕ್. ಮೊಣಕೈ ಮಡಚಿ ಬಾಗಿಲ ದಾರಂದದ ಹತ್ರ ನಿಂತು, ಮುಷ್ಟಿಯ ಹೊರಬದಿಯಿಂದ ದಾರಂದವನ್ನು ದೂಡಿ, ಕೈ ಅಲುಗಾಡ್ಬಾರ್ದು, ಅರ್ಧ ಬಲ ಸಾಕು, ಐದರಿಂದ ಹತ್ತು ಸೆಕೆಂಡು. ಒಳಗಡೆಗೂ ಹಾಗೇ. ನೋವು ಜಾಸ್ತಿ ಇರುವ ದಿನಗಳಲ್ಲಿ ಮಾಡ್ಲಿಕ್ಕೆ ಆಗುವ ಬಲದ ವ್ಯಾಯಾಮ ಇದೊಂದೇ.

ನೋವು ಇಳಿದ ಮೇಲೆ ರಬ್ಬರ್ ಬ್ಯಾಂಡ್. ಸಾಧಾರಣವಾಗಿ ಹಳದಿ ಹಗುರ, ಆಮೇಲೆ ಕೆಂಪು, ಹಸಿರು, ನೀಲಿ ಅಂತ ಗಟ್ಟಿ ಆಗ್ತಾ ಹೋಗ್ತದೆ, ಹಳದಿಯಿಂದಲೇ ಶುರು ಮಾಡಿ, ಗಂಡಸರು ನಾಚಿಕೆ ಪಡ್ಬೇಡಿ. ಕಿಟಕಿ ಸರಳಿಗೆ ಮೊಣಕೈ ಎತ್ತರದಲ್ಲಿ ಕಟ್ಟಿ (ಬಾಗಿಲ ಹಿಡಿಕೆಗೆ ಬೇಡ, ಆಚೆಯಿಂದ ಯಾರಾದ್ರೂ ತೆಗೆದ್ರೆ ಮುಖಕ್ಕೆ ಬರ್ತದೆ), ಮೊಣಕೈ ಮತ್ತೆ ಪಕ್ಕೆ ನಡುವೆ ಮಡಚಿದ ಸಣ್ಣ ಟವೆಲ್ ಸಿಕ್ಕಿಸಿ, ಮುಂಗೈಯನ್ನು ಹೊರಗೆ ತಿರುಗಿಸಿ. ಟವೆಲ್ ಬಿದ್ರೆ ತಪ್ಪು ಮಾಡ್ತಾ ಇದ್ದೀರಿ ಅಂತ ಅರ್ಥ. ಹೊರಗೆ ಹೋಗುವಾಗ ಎರಡು ಎಣಿಸಿ, ವಾಪಸ್ ಬರುವಾಗ ನಾಲ್ಕು ಎಣಿಸಿ, ವಾಪಸ್ ಬರುವಾಗ ಬ್ಯಾಂಡ್ ಎಳೆದ ಕಡೆ ಕೈ ಪಟ್ಟಂತ ಹೋದ್ರೆ ಅರ್ಧ ಲಾಭ ಹೋಯ್ತು.

ಬ್ಯಾಂಡ್ ಇಲ್ಲದವರಿಗೆ ಅರ್ಧ ಲೀಟರಿನ ನೀರಿನ ಬಾಟ್ಲಿ. ಒಳ್ಳೆ ಬದಿಗೆ ಮಲಗಿ, ಮೇಲಿನ ಕೈಯ ಮೊಣಕೈ ಪಕ್ಕೆ ಮೇಲೆ ಇಟ್ಟು 90 ಡಿಗ್ರಿ ಮಡಚಿ, ಬಾಟ್ಲಿಯನ್ನು ಹೊಟ್ಟೆ ಹತ್ರದಿಂದ ಮೇಲಕ್ಕೆ ತಿರುಗಿಸುದು. ಮೊದಲು ಖಾಲಿ, ಆಮೇಲೆ ಅರ್ಧ ತುಂಬಿಸಿ, ಪೂರ್ತಿ ತುಂಬಿದ್ರೆ ಅರ್ಧ ಕಿಲೋ ಆಯ್ತು. ಅದೂ ಹಗುರ ಅನಿಸಿದ್ರೆ ಹೊಯ್ಗೆ ತುಂಬಿಸಿ. ಇದರ ಜೊತೆ ರೆಕ್ಕೆ ಎಲುಬು ಎರಡನ್ನೂ ಹಿಂದೆ ಕೆಳಗೆ ಸೇರಿಸಿ ಹಿಡಿಯುದು, ಬ್ಯಾಂಡನ್ನು ಎರಡೂ ಕೈಯಿಂದ ಹೊಟ್ಟೆ ಕಡೆ ಎಳೆಯುದು, ಗೋಡೆಗೆ ಕೈ ಊರಿ ಪುಶಪ್. ಭುಜಕ್ಕಿಂತ ಮೇಲೆ ತೂಕ ಎತ್ತುದು ಎಲ್ಲಕ್ಕಿಂತ ಕೊನೆಗೆ.

ಆಡಿಸುವ ವ್ಯಾಯಾಮ ದಿನಾ ಎರಡು ಮೂರು ಸಲ. ಬಲದ್ದು ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ, ಹತ್ತು ಹತ್ತರ ಮೂರು ಸೆಟ್. ಮೂರನೇ ಸೆಟ್ಟಿನ ಕೊನೆಯ ಎರಡು ಕಷ್ಟ ಆಗ್ಬೇಕು, ಆಗ್ಲಿಲ್ಲ ಅಂತಾದ್ರೆ ಮುಂದಿನ ಬಣ್ಣಕ್ಕೆ ಹೋಗಿ. ಹಳದಿ ಬ್ಯಾಂಡಲ್ಲೇ ಆರು ತಿಂಗಳು ಕೂತವರಿಗೆ ಯಾಕೆ ಸುಧಾರಿಸ್ಲಿಲ್ಲ ಅಂತ ಕೇಳಿದ್ರೆ ಉತ್ತರ ಅಲ್ಲೇ ಉಂಟು.

ವ್ಯಾಯಾಮ ಮಾಡುವಾಗ ನೋವಾಗ್ತದೆ. ಇನ್ನೂ ಹರೀತಾ ಉಂಟಾ?

ನೋವು ಬಂತು ಅಂದ ಮಾತ್ರಕ್ಕೆ ಹರೀತಾ ಉಂಟು ಅಂತಲ್ಲ. ಹತ್ತರಲ್ಲಿ ಮೂರು ನಾಲ್ಕು ಮಾರ್ಕಿನಷ್ಟು ನೋವು, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದ್ರೆ ತೊಂದರೆ ಇಲ್ಲ, ಮುಂದುವರಿಸಿ. ರಾತ್ರಿ ನಿದ್ದೆ ಕೆಡಿಸಿದ್ರೆ, ಮರುದಿನವೂ ಹಾಗೇ ಇದ್ರೆ ಬಿಡುದಲ್ಲ, ತೂಕ ಅಥವಾ ಸಂಖ್ಯೆ ಕಮ್ಮಿ ಮಾಡುದು. ಒಮ್ಮೆಗೇ ಬಲ ಹೋದ್ರೆ ಮಾತ್ರ ನಿಲ್ಲಿಸಿ ತೋರಿಸಿ.

ಕ್ಲಿನಿಕ್ಕಲ್ಲಿ ಮೆಷಿನ್ ಇಡ್ತಾರಲ್ಲ, ಅದು ಎಷ್ಟು ದಿನ ಬೇಕು?

ಐಎಫ್‌ಟಿ (ಸಣ್ಣಗೆ ಕರೆಂಟ್ ಕೊಡುವ ಮೆಷಿನ್), ಅಲ್ಟ್ರಾಸೌಂಡ್ (ಸ್ಕ್ಯಾನಿನದ್ದಲ್ಲ, ಚಿಕಿತ್ಸೆಯದ್ದು), ಲೇಸರ್, ಇವುಗಳಿಂದ ಸ್ವಲ್ಪ ಹೊತ್ತು ಹಿತ ಅನಿಸ್ಬಹುದು. ಟೆಂಡನ್ನಿಗೆ ಬಲ ಬರುದಿಲ್ಲ. ಹದಿನೈದು ದಿನದ ಪ್ಯಾಕೇಜ್ ತಗೊಂಡು ದಿನಾ ಮಲಗಿ ಮೆಷಿನ್ ಇಡಿಸ್ಕೊಂಡು ಮನೆಗೆ ಹೋಗಿ ಎಂತದೂ ಮಾಡದವರು ವಾಪಸ್ ಅದೇ ನೋವಿಗೆ ಬರ್ತಾರೆ, ನನ್ನ ವೃತ್ತಿಯವರೇ ಬೇಜಾರು ಮಾಡ್ಕೊಂಡ್ರೂ ಹೇಳ್ತೇನೆ ಇದನ್ನು. 2021ರಲ್ಲಿ ಬ್ರಿಟನ್ನಿನಲ್ಲಿ ಗ್ರಾಸ್ಪ್ ಅಂತ ಒಂದು ದೊಡ್ಡ ಟ್ರಯಲ್ ಬಂತು. ಒಂದೇ ಸಲ ಫಿಸಿಯೋ ಹತ್ರ ಕೂತು ಸರಿಯಾಗಿ ಸಲಹೆ ತಗೊಂಡು ಮನೆಯಲ್ಲಿ ಮಾಡಿದವರಿಗೂ, ಆರು ಸಲದವರೆಗೆ ಬಂದು ಹಂತ ಹಂತವಾಗಿ ವ್ಯಾಯಾಮ ಕಲಿತವರಿಗೂ ವರ್ಷದ ಕೊನೆಗೆ ಹೆಚ್ಚು ವ್ಯತ್ಯಾಸ ಇರ್ಲಿಲ್ಲ. ಅಂದ್ರೆ ದಿನಾ ಬಸ್ಸು ಹತ್ತಿ ಬರುದು ಬೇಡ. ಮೊದಲು ಒಮ್ಮೆ ಒಳ್ಳೆ ಪರೀಕ್ಷೆ, ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಬಂದು ಮಾಡಿ ತೋರಿಸಿ ಮುಂದಿನ ಹಂತ ತಗೊಂಡು ಹೋಗಿ. ಆಪರೇಷನ್ ಆದವರಿಗೆ ಈ ಲೆಕ್ಕ ಅಲ್ಲ, ಅವರು ಜಾಸ್ತಿ ಬರ್ಬೇಕು.

ನೋಡುವವರು ಫಿಸಿಯೋಥೆರಪಿ ಡಿಗ್ರಿ, ಅಂದ್ರೆ ಬಿಪಿಟಿ ಇಲ್ಲದ್ರೆ ಎಂಪಿಟಿ, ಓದಿದವರಾ ಅಂತ ಧೈರ್ಯವಾಗಿ ಕೇಳಿ. ಫಿಸಿಯೋ ಕಾಲೇಜುಗಳು ಇಷ್ಟೊಂದು ಇರುವ ಮಂಗಳೂರು, ಮಣಿಪಾಲ ಸುತ್ತಮುತ್ತ ಓದಿದವರು ಸಿಗುದು ಕಷ್ಟ ಏನಲ್ಲ.

ಎಣ್ಣೆ ತಿಕ್ಕಿಸಿ ಉಳುಕು ತೆಗೆಸ್ಬಹುದಾ?

ಎಣ್ಣೆ ಮೆಲ್ಲ ಹಚ್ಚಿದ್ರೆ ಅಡ್ಡಿ ಇಲ್ಲ. ಕೈ ಹಿಡಿದು ಝಗ್ಗಂತ ಎಳೆಯುದು, ಕಟಕ್ ಅನ್ನಿಸುದು ಮಾತ್ರ ಬೇಡ, ಅರ್ಧ ಹರಿದದ್ದು ಪೂರ್ತಿ ಹರಿದ್ರೆ ಎಳೆದವರು ಜವಾಬ್ದಾರಿ ತಗೊಳ್ಳುದಿಲ್ಲ.

ಇಂಜೆಕ್ಷನ್ ಹಾಕಿಸ್ಬಹುದಾ? ನನಗೆ ಶುಗರ್ ಉಂಟು

ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸ್ತದೆ, ವರ್ಷದ ಲೆಕ್ಕದಲ್ಲಿ ಹೆಚ್ಚು ಲಾಭ ಕಾಣುದಿಲ್ಲ. ನಿದ್ದೆಯೇ ಇಲ್ಲದೆ ವ್ಯಾಯಾಮ ಶುರು ಮಾಡ್ಲಿಕ್ಕೂ ಆಗದವರಿಗೆ ಒಂದು ಸಲ ಉಪಯೋಗ, ಆ ನೋವಿಲ್ಲದ ವಾರಗಳನ್ನು ವ್ಯಾಯಾಮಕ್ಕೆ ಬಳಸಿದ್ರೆ ಮಾತ್ರ. ಪದೇ ಪದೇ ಹಾಕಿಸಿದ್ರೆ ಟೆಂಡನ್ ದುರ್ಬಲ ಆಗ್ತದೆ. ಶುಗರ್ ಇದ್ದವರಿಗೆ ಹಾಕಿಸಿದ ಕೆಲವು ದಿನ ಶುಗರ್ ಏರ್ತದೆ, ಡಾಕ್ಟ್ರಿಗೆ ಮೊದಲೇ ಹೇಳಿ, ಮನೆಯಲ್ಲಿ ಚೆಕ್ ಮಾಡ್ತಾ ಇರಿ. ಆಪರೇಷನ್ ಡೇಟ್ ಹತ್ರ ಇದ್ರೆ ಸರ್ಜನ್ ಕೇಳದೆ ಹಾಕಿಸ್ಬೇಡಿ. ಪಿಆರ್‌ಪಿ, ಅಂದ್ರೆ ನಿಮ್ಮದೇ ರಕ್ತದಿಂದ ತಯಾರು ಮಾಡಿ ಹಾಕುವ ಇಂಜೆಕ್ಷನ್, ದುಬಾರಿ, ಫಲಿತಾಂಶ ಒಬ್ಬೊಬ್ಬರದ್ದು ಒಂದೊಂದು, ನಾನಾಗಿ ಯಾರಿಗೂ ಹೇಳುದಿಲ್ಲ.

ಆಪರೇಷನ್ ಆಯ್ತು. ಯಾವಾಗ ಎಂತ ಮಾಡ್ಬಹುದು?

ನಿಮ್ಮ ಸರ್ಜನ್ ಹೇಳಿದ್ದೇ ಕೊನೆ ಮಾತು, ಯಾಕಂದ್ರೆ ಒಳಗೆ ಟಿಯರ್ ಎಷ್ಟು ದೊಡ್ಡದಿತ್ತು, ಹೊಲಿಗೆ ಎಷ್ಟು ಗಟ್ಟಿ ಕೂತಿದೆ ಅಂತ ಅವರಿಗೇ ಗೊತ್ತು. ಸಾಮಾನ್ಯ ದಾರಿ ಹೀಗೆ: ಮೊದಲ ನಾಲ್ಕರಿಂದ ಆರು ವಾರ ಸ್ಲಿಂಗ್, ಮಲಗುವಾಗಲೂ. ಆ ಹೊತ್ತಿಗೆ ಬೆರಳು, ಮಣಿಕಟ್ಟು, ಮೊಣಕೈ ಮಾತ್ರ ಮೊದಲ ದಿನದಿಂದಲೇ ಆಡಿಸುದು, ಭುಜವನ್ನು ಫಿಸಿಯೋ ಇಲ್ಲದ್ರೆ ಒಳ್ಳೆ ಕೈ ಆಡಿಸ್ಬೇಕು, ಅದೇ ತಾನಾಗಿ ಎತ್ತಬಾರ್ದು. ಆರು ವಾರದ ನಂತರ ಮೆಲ್ಲ ತಾನಾಗಿ ಎತ್ತುದು. ಬ್ಯಾಂಡು, ಬಾಟ್ಲಿ ಎಲ್ಲ ಸುಮಾರು ಹನ್ನೆರಡು ವಾರ ಆದ ಮೇಲೆ. ಭಾರದ ಕೆಲಸ, ಆಟ ಆರು ತಿಂಗಳು, ದೊಡ್ಡ ಟಿಯರ್ ಆದ್ರೆ ಇನ್ನೂ ಜಾಸ್ತಿ.

ಎಡವಟ್ಟಾಗುದು ಯಾವಾಗ ಅಂದ್ರೆ ಎರಡನೇ ತಿಂಗಳಲ್ಲಿ. ನೋವು ಹೋಗಿರ್ತದೆ, ಸ್ಲಿಂಗ್ ತೆಗೆದಿರ್ತಾರೆ, ಗುಣ ಆಯ್ತು ಅಂತ ಗ್ಯಾಸ್ ಸಿಲಿಂಡರ್ ಎತ್ತಿಬಿಡ್ತಾರೆ. ನೋವು ಹೋಗುವ ವೇಗಕ್ಕೂ ಟೆಂಡನ್ ಎಲುಬಿಗೆ ಅಂಟುವ ವೇಗಕ್ಕೂ ಸಂಬಂಧ ಇಲ್ಲ, ಹೊಲಿದದ್ದು ಬಿಟ್ಟುಹೋಗುದು ಹೆಚ್ಚಾಗಿ ಮೊದಲ ತಿಂಗಳುಗಳಲ್ಲೇ.

ಇನ್ನು ಯಾರೂ ಹೇಳಿಕೊಡದ ಸಣ್ಣ ವಿಷಯಗಳು. ಅಂಗಿ ಹಾಕುವಾಗ ಆಪರೇಷನ್ ಆದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಎದುರಿಗೆ ಬಟನ್ ಇರುವ ಅಂಗಿ, ಜಿಪ್ ಇರುವ ನೈಟಿ ಎರಡು ಮೂರು ತೆಗೆದಿಡಿ. ನಮ್ಮ ಸೆಕೆಗೆ ಸ್ಲಿಂಗ್ ಒಳಗೆ ಕಂಕುಳು ಬೆವರಿ ಹುಣ್ಣಾಗ್ತದೆ, ಮಳೆಗಾಲದಲ್ಲಿ ಒಣಗುದೇ ಇಲ್ಲ. ಪೆಂಡುಲಮ್ ಮಾಡುವ ಹಾಗೆ ಬಗ್ಗಿ ಕೈ ನೇತುಬಿಟ್ರೆ ಕಂಕುಳು ತೆರೀತದೆ, ಹಾಗೆ ತೊಳೆದು ಒರಸಿ, ಒಂದು ಕಾಟನ್ ಬಟ್ಟೆ ಮಡಚಿ ಇಡಿ. ಎಡಭುಜದ ಆಪರೇಷನ್ ಆದವರು ಪಾಯಿಖಾನೆಗೆ ಹೋದಾಗ ಕೈ ಹಿಂದಕ್ಕೆ ತಿರುಗಿಸಿ ತೊಳೆಯುದು ಹೊಲಿಗೆಗೆ ಒಳ್ಳೇದಲ್ಲ, ಆಪರೇಷನ್ನಿಗೆ ಮೊದಲೇ ಬಲಬದಿಗೆ ಸಿಗುವ ಹಾಗೆ ಜೆಟ್ ಹಾಕಿಸಿ, ನಾಚಿಕೆಗೆ ಯಾರೂ ಕೇಳುದಿಲ್ಲ, ಆಮೇಲೆ ಮನೆಗೆ ಹೋಗಿ ಪರದಾಡ್ತಾರೆ.

ಗಾಡಿ ಯಾವಾಗ ಓಡಿಸ್ಬಹುದು?

ಸ್ಲಿಂಗ್ ಇರುವಷ್ಟು ದಿನ ಇಲ್ಲವೇ ಇಲ್ಲ. ಆಮೇಲೂ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಠಾತ್ತಾಗಿ ತಿರುಗಿಸ್ಲಿಕ್ಕೆ ಆಗ್ಬೇಕು, ಸರ್ಜನ್ ಒಪ್ಪಬೇಕು. ಸ್ಕೂಟರ್ ಕಾರಿಗಿಂತ ತಡ, ಹೊಂಡಕ್ಕೆ ಬಿದ್ದಾಗ ಹ್ಯಾಂಡಲ್ ಪೂರ್ತಿ ಭುಜಕ್ಕೆ ಕೊಡ್ತದೆ. ಬಸ್ಸಲ್ಲಿ ಹೋಗುವವರು ಮೇಲಿನ ರಾಡ್ ಬಿಟ್ಟು ಸೀಟಿನ ಬೆನ್ನಿನ ಹಿಡಿಕೆ ಹಿಡೀರಿ, ಅದೂ ಒಳ್ಳೆ ಕೈಯಲ್ಲಿ.

ಕೆಲಸಕ್ಕೆ ವಾಪಸ್ ಹೋಗ್ಲಿಕ್ಕೆ ಎಷ್ಟು ದಿನ? ಸೀಸನ್ ಶುರು ಆಗ್ತದೆ

ಆಪರೇಷನ್ ಇಲ್ಲದೆ ಗುಣ ಆಗುವವರಿಗೆ ಆರು ವಾರದಲ್ಲಿ ಬದಲಾವಣೆ ಕಾಣ್ಬೇಕು, ಬಲ ಸರಿಯಾಗ್ಲಿಕ್ಕೆ ಮೂರು ತಿಂಗಳು, ಕೆಲವರಿಗೆ ಆರು. ನಮ್ಮೂರಲ್ಲಿ ಇದನ್ನು ಕ್ಯಾಲೆಂಡರ್ ನೋಡಿ ಮಾಡ್ಬೇಕು. ಮಲ್ಪೆ, ಮಂಗಳೂರು ಧಕ್ಕೆಯ ಬೋಟಿನವರು ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾದ ಮೇಲೆ ಬರ್ತಾರೆ, ನಿಷೇಧ ಇರುದು ಜುಲೈ 31ರವರೆಗೆ, 61 ದಿನ. ಭುಜ ಕೇಳುದು ಅದಕ್ಕಿಂತ ಒಂದು ತಿಂಗಳು ಜಾಸ್ತಿ. ಹಾಗಾಗಿ ಮೇ ತಿಂಗಳಲ್ಲೇ ಬಂದು ಐಸೋಮೆಟ್ರಿಕ್ ಕಲಿತು ಬೋಟಲ್ಲೇ ಶುರು ಮಾಡಿ, ಆಗಸ್ಟಲ್ಲಿ ಬಲೆ ಎಳೆಯುವ ಬದಲು ಸ್ವಲ್ಪ ದಿನ ಬೇರೆ ಕೆಲಸ ಕೊಡ್ಲಿಕ್ಕೆ ಬೋಟಿನ ಮುಖ್ಯಸ್ಥ ತಾಂಡೇಲರ ಹತ್ರ ಕೇಳಿ ನೋಡಿ.

ಯಕ್ಷಗಾನದವರಿಗೆ ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಆದ ಮೇಲೆ ಮೇಳದ ತಿರುಗಾಟ ಇಲ್ಲ, ನವೆಂಬರ್ ಹೊತ್ತಿಗೆ ಗೆಜ್ಜೆ ಕಟ್ಟುವವರೆಗೆ ಬೇಕಾದಷ್ಟು ಸಮಯ, ಮಳೆಗಾಲದ ಆಟಗಳನ್ನು ಒಪ್ಪಿಕೊಳ್ಳದಿದ್ರೆ. ವಾಪಸ್ ಹೋಗುವ ಮೊದಲು ವೇಷ ಕಟ್ಟದೆ ಕೈ ಎತ್ತಿ ಪೂರ್ತಿ ಕುಣಿತ, ಆಮೇಲೆ ಭುಜಕೀರ್ತಿ ಕಟ್ಟಿ ಅರ್ಧ ಗಂಟೆ, ಹೀಗೆ ಏರಿಸ್ತಾ ಹೋಗಿ; ಸೀದಾ ಪೂರ್ತಿ ರಾತ್ರಿಯ ಆಟಕ್ಕೆ ಹೋಗ್ಬೇಡಿ. ಅಡಿಕೆ ತೋಟದವರಿಗೆ ನನ್ನ ಹತ್ರ ಒಳ್ಳೆ ಉತ್ತರ ಇಲ್ಲ, ಮದ್ದು ಬಿಡುದು ಮಳೆಗಾಲದಲ್ಲಿ, ಕೊಯ್ಲು ಅದು ಮುಗಿದ ಮೇಲೆ, ಬಿಡುವೇ ಇಲ್ಲ. ಕಾರ್ಬನ್ ಫೈಬರ್ ದೋಟಿ ಹಗುರ, ಆದ್ರೆ ಹಗುರ ಅಂತ ದಿನವಿಡೀ ಹಿಡಿದ್ರೆ ಅದೇ ಕಥೆ. ಅರ್ಧ ಗಂಟೆಗೊಮ್ಮೆ ಕೈ ಇಳಿಸಿ, ಹೆಕ್ಕುವ ಕೆಲಸಕ್ಕೆ ಬದಲಾಯಿಸಿಕೊಳ್ಳಿ.

ಕ್ರಿಕೆಟ್ ಆಡುವ ಹುಡುಗರು ಮೊದಲು ಬ್ಯಾಟಿಂಗ್, ಆಮೇಲೆ ಹತ್ತಿರದಿಂದ ಎಸೆತ, ಬೌಂಡರಿಯಿಂದ ಎಸೆಯುದು ಎಲ್ಲಕ್ಕಿಂತ ಕೊನೆಗೆ.

ಜಿಮ್, ಯೋಗ, ಈಜು?

ಕತ್ತಿನ ಹಿಂದೆ ಬಾರ್ ಎಳೆಯುದು, ಬೆಂಚ್ ಡಿಪ್ಸ್ ಸದ್ಯಕ್ಕೆ ಬೇಡ. ಯೋಗದಲ್ಲಿ ಅಧೋಮುಖ ಶ್ವಾನಾಸನ, ಚತುರಂಗ ದಂಡಾಸನದಲ್ಲಿ ಮೈಭಾರ ಭುಜಕ್ಕೆ ಬರ್ತದೆ, ಸೂರ್ಯನಮಸ್ಕಾರ ಮಾಡ್ಲೇಬೇಕು ಅಂದ್ರೆ ಗೋಡೆಗೆ ಕೈ ಊರಿ ಮಾಡಿ. ಈಜಲ್ಲಿ ಬ್ರೆಸ್ಟ್ ಸ್ಟ್ರೋಕ್ ಮೊದಲು, ಫ್ರೀಸ್ಟೈಲ್ ತುಂಬಾ ಆಮೇಲೆ.

ಖರ್ಚು ಎಷ್ಟಾಗ್ತದೆ?

ಆಪರೇಷನ್ ಇಲ್ಲದ್ರೆ ಬ್ಯಾಂಡು, ಟವೆಲು, ಬಾಟ್ಲಿ, ಮತ್ತೆ ಕೆಲವು ಸಲದ ಫೀಸು. ಮಂಗಳೂರಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ ಉಂಟು, ಅಲ್ಲಿ ಮೊದಲು ಕೇಳಿ ನೋಡಿ. ಆಪರೇಷನ್ ಆಗುದಾದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ನಿಮ್ಮ ಕೇಸಿಗೆ ಆಗ್ತದಾ, ರೆಫರಲ್ ಬೇಕಾ ಅಂತ ಅಡ್ಮಿಟ್ ಆಗುವ ಮೊದಲೇ ವಿಚಾರಿಸಿ, ಅಡ್ಮಿಟ್ ಆದ ಮೇಲೆ ಅಲ್ಲ. ಆಮೇಲಿನ ಫಿಸಿಯೋ ಖರ್ಚು ಅದರಲ್ಲಿ ಸೇರಿದ್ಯಾ ಅಂತಲೂ ಕೇಳಿ, ಇದನ್ನು ಕೇಳ್ಲಿಕ್ಕೆ ಎಲ್ಲರೂ ಮರೀತಾರೆ.

ಇನ್ನೊಂದು ಭುಜಕ್ಕೂ ಬರ್ತದಾ?

ಬರ್ಬಹುದು, ವಯಸ್ಸಿನ ಸವೆತ ಎರಡೂ ಕಡೆ ಇರುದು ಸಾಮಾನ್ಯ, ಅದೂ ಅಲ್ಲದೆ ಇಷ್ಟು ದಿನ ಎಲ್ಲ ಕೆಲಸ ಅದರ ಮೇಲೆಯೇ ಬಿದ್ದಿರ್ತದೆ. ಬ್ಯಾಂಡಿನ ವ್ಯಾಯಾಮ ಎರಡೂ ಕೈಗೆ ಮಾಡಿ, ನೋವಿನ ಕೈಗೆ ಹಳದಿ ಆದ್ರೆ ಒಳ್ಳೆ ಕೈಗೆ ಹಸಿರು. ನೋವು ಹೋದ ಮೇಲೂ ವಾರಕ್ಕೆ ಎರಡು ದಿನ ಸಾಕು, ಬ್ಯಾಂಡ್ ಮಾತ್ರ ಬಿಸಿಲಲ್ಲಿ ಬಿಡ್ಬೇಡಿ, ರಬ್ಬರ್ ಬಿರುಕು ಬಿಟ್ಟು ಎಳೆಯುವಾಗ ತುಂಡಾಗ್ತದೆ, ಪ್ರತಿ ಸಲ ಕಟ್ಟುವ ಮೊದಲು ಬೆಳಕಿಗೆ ಹಿಡಿದು ಒಮ್ಮೆ ನೋಡಿ.